ದೊಡ್ಡಪ್ಪನ ನೀಲಿ

ನಾನು ಜ್ವರ ಬಂದು ನಾಲ್ಕು ದಿನ ಮಲಗಿದ್ದೆ. ಐದನೇ ದಿನ ದೊಡ್ಡಪ್ಪನ ಫೋಟೋ ಸ್ಟುಡಿಯೋಗೆ ಬಂದಾಗ ಹೆರಿಗೆ ಆಸ್ಪತ್ರೆಗೆ ಹೋಗಿದ್ದ ಚಿತ್ರ ವಾಪಸ್ ಬಂದು ಗೋಡೆಗೆ ಮುಖ ಮಾಡಿ ನಿಂತಿತ್ತು.

ಅವರ ಕಾಯುವ ಕೋಣೆಗೆಂದು ಮಾಡಿದ ಚಿತ್ರ. ಬೆಳಗಿನ ಹೊತ್ತಿನ ಕೆರೆ, ಆಚೆ ಗುಡ್ಡ. ಎಂಟಡಿ ಉದ್ದ. ನಮ್ಮಲ್ಲಿ ಅಷ್ಟು ದೊಡ್ಡದನ್ನು ಹಿಂದೆ ಯಾರೂ ಕೇಳಿರಲಿಲ್ಲ. ಡಾಕ್ಟರಮ್ಮ ಒಂದು ಚೀಟಿ ಕಳಿಸಿದ್ದರು. 'ಇದರ ಎದುರು ಕೂತವರು ತಲೆ ಸುತ್ತುತ್ತದೆ ಎನ್ನುತ್ತಿದ್ದಾರೆ. ಕಣ್ಣಿಗೆ ತಂಪಾಗಿರುವಂತೆ ಬೇರೆ ಮಾಡಿಕೊಡಿ. ಶನಿವಾರದೊಳಗೆ ಆಗದಿದ್ದರೆ ಬೇರೆಯವರಿಗೆ ಹೇಳುತ್ತೇವೆ.'

"ನಿನ್ನ ಜ್ವರ ಬಿಟ್ಟಿತಾ? ಕೆರೆಗೆ ಹತ್ತಿದೆ ನೋಡು," ಅಂದ ಫ್ರೇಮಣ್ಣ. ಚಿತ್ರಗಳಿಗೆ ಕಟ್ಟು ಹಾಕುವವನು ಅವನೇ. ಬಾಯಲ್ಲಿ ಯಾವಾಗಲೂ ಎರಡು ಮೊಳೆ ಕಚ್ಚಿಕೊಂಡಿದ್ದರೂ ಮಾತಿಗೆ ಕಡಿಮೆಯಿಲ್ಲ. ಚಿತ್ರವನ್ನು ನನ್ನ ಕಡೆ ತಿರುಗಿಸಿದ. "ಇದು ಆಕಾಶವಾ, ಬಟ್ಟೆಗೆ ಹಾಕೋ ನೀಲಿಯಾ? ಈ ಹಸಿರು ನೋಡಿದರೆ ಗಿಳಿಯೂ ನಾಚಿಕೊಳ್ಳುತ್ತೆ."

ನನಗೆ ನಗು ಬರಲಿಲ್ಲ. ನೀರಿನ ಪ್ರತಿ ಅಲೆಗೂ ಚಾಕುವಿನಿಂದ ಕೊಯ್ದ ಹಾಗೆ ಅಂಚು. ಗುಡ್ಡದ ಸುತ್ತ ಬಿಳಿ ಗೆರೆ, ಯಾರೋ ಕತ್ತರಿಸಿ ಅಂಟಿಸಿದಂತೆ. ಇದು ದೊಡ್ಡಪ್ಪ ಒಬ್ಬರೇ ಕೂತು ಮಾಡಿದ್ದು. ನಾನಿದ್ದಿದ್ದರೆ ಹೀಗೆ ಹೊರಗೆ ಹೋಗುತ್ತಿರಲಿಲ್ಲ.

ಎಂಟನೇ ತರಗತಿಗೆ ನಾನು ಶಾಲೆ ಬಿಟ್ಟೆ. ಎದ್ದು ನಿಂತು ಉತ್ತರ ಹೇಳು ಅಂದರೆ ನಾಲಿಗೆ ಅಂಟಿಕೊಳ್ಳುತ್ತಿತ್ತು. "ಮಾತು ಬರದಿದ್ದರೆ ಕತ್ತೆ ಬಾಲ. ನೋಡೋಕೆ ಬರುತ್ತಲ್ಲ," ಎಂದು ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಇಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿದರು. ಒಂದೇ ಜಾಗದ ಮೂರು ಫೋಟೋ ಸೇರಿಸುವುದನ್ನು ಕಲಿಸಿದವರು ಅವರೇ. "ಕ್ಯಾಮೆರಾಗೆ ಒಂದು ಸಲಕ್ಕೆ ಒಂದೇ ತುತ್ತು ಕಣೇ. ಆಕಾಶ ಸರಿಯಾಗಿ ಬಂದರೆ ಮರದ ಕೆಳಗೆ ಕಪ್ಪು. ನೆರಳು ಸರಿಯಾಗಿ ಬಂದರೆ ಆಕಾಶ ಬಿಳಿ. ಕಣ್ಣಿಗಾದರೆ ಎರಡೂ ಕಾಣುತ್ತೆ. ಅದಕ್ಕೇ ಕತ್ತಲೆಯದೊಂದು, ಬೆಳಕಿನದೊಂದು, ನಡುವಿನದೊಂದು ತೆಗೆದು ಸೇರಿಸೋದು. ಸೇರಿಸೋದು ಯಾರಿಗಾದರೂ ಬರುತ್ತೆ. ನಿಲ್ಲಿಸೋದು ಬರಬೇಕು."

ಅವರಿಗೆ ನಿಲ್ಲಿಸುವುದು ಬರುತ್ತಿತ್ತು. ಹೋದ ಬೇಸಿಗೆಯಿಂದ ಬರದಾಯಿತು.

ಮೊದಮೊದಲು ನೀಲಿ ಒಂದಿಷ್ಟು ಹೆಚ್ಚಾಯಿತು. ಗಿರಾಕಿಗಳಿಗೆ ಅದು ಇಷ್ಟವಾಯಿತು ಅನ್ನುವುದೂ ನಿಜ. ಆಮೇಲೆ ಇನ್ನಷ್ಟು, ಮತ್ತಷ್ಟು. ಒಬ್ಬರು ಮುಖ ಸಿಂಡರಿಸಿದ್ದನ್ನು ಕಂಡ ದಿನ, ದೊಡ್ಡಪ್ಪ ಊಟಕ್ಕೆ ಹೋದಾಗ ನಾನೇ ಬಣ್ಣ ಇಳಿಸಿ ಪ್ರಿಂಟ್ ತೆಗೆದೆ. ಗಿರಾಕಿ ಖುಷಿಯಾಗಿ ಹೋದರು. ಅಲ್ಲಿಂದ ಪ್ರತಿಯೊಂದಕ್ಕೂ ಅದೇ ಮಾಡಿದೆ. ಅವರು ಏರಿಸುವುದು, ನಾನು ಇಳಿಸುವುದು. ಪ್ರಿಂಟ್ ನೋಡಿದಾಗಲೆಲ್ಲ ಅವರು "ಮಂಕಾಗಿದೆ, ಇಂಕು ಕಲಬೆರಕೆ" ಅನ್ನುತ್ತಿದ್ದರು. ಎರಡು ಸಲ ಇಂಕು ಬದಲಾಯಿಸಿದರು, ಒಂದು ಸಲ ಕಾಗದ. ಹೊರಗೆ ಫೋಟೋ ತೆಗೆಯಲು ಹೋಗುವುದನ್ನೂ ಬಿಟ್ಟರು. "ಈಗ ಗಾಳಿಯೇ ಕೆಟ್ಟಿದೆ, ಎಲ್ಲಿ ನೋಡಿದರೂ ಧೂಳು," ಎಂದು ಹಳೆಯ ಫೋಟೋಗಳನ್ನೇ ತೆಗೆದು ಕೂರುತ್ತಿದ್ದರು. ಮನೆಯಲ್ಲಿ ದೊಡ್ಡಮ್ಮನಿಗೆ ಬಲ್ಬಿನ ಚಿಂತೆ. "ಬೆಳಕು ಸಾಲದು ಅಂತ ಇದು ಮೂರನೇದು ತರಿಸಿದ್ದಾರೆ ಕಣೇ. ಇನ್ನು ಸೂರ್ಯನನ್ನೇ ಕಿತ್ತು ತಂದು ತೂಗುಹಾಕಬೇಕು."

ಇಷ್ಟೆಲ್ಲ ನನಗೆ ಕಾಣುತ್ತಿತ್ತು. ಆದರೆ ಒಂದಕ್ಕೊಂದು ಕೂಡಿಕೊಂಡಿದ್ದು ಜ್ವರದಲ್ಲಿ ಸೂರು ನೋಡುತ್ತಾ ಮಲಗಿದ್ದಾಗ. ಕೆಟ್ಟಿದ್ದು ಇಂಕಲ್ಲ, ಗಾಳಿಯಲ್ಲ, ಬಲ್ಬೂ ಅಲ್ಲ. ಗಿರಾಕಿಗಳು ಮುಂಚೆಯೇ ದೂರಿದ್ದರೆ ದೊಡ್ಡಪ್ಪನಿಗೂ ಮುಂಚೆಯೇ ತಿಳಿಯುತ್ತಿತ್ತು. ದೂರು ಬರದಂತೆ ಮಾಡಿದವಳು ನಾನು.

ಒಳಗೆ ಅವರು ಚೀಟಿ ಹಿಡಿದು ಕೂತಿದ್ದರು. "ಬಂದೆಯಾ? ಕೂತ್ಕೋ. ತಂಪಾಗಿರಬೇಕಂತೆ. ತಂಪು ಅಂದರೆ ಏನು? ನೀಲಿ. ನಾನೇ ಜಿಪುಣತನ ಮಾಡಿಬಿಟ್ಟೆ. ಇನ್ನೊಂದಿಷ್ಟು ಏರಿಸು."

ಅಂದು ಗುರುವಾರ. "ಆಯ್ತು ದೊಡ್ಡಪ್ಪ" ಅಂದು, ಅವರು ಎದ್ದ ಮೇಲೆ ಇಳಿಸಿಬಿಡುವುದು ನನಗೆ ಹತ್ತು ನಿಮಿಷದ ಕೆಲಸ. ಆಸ್ಪತ್ರೆಯವರು ಒಪ್ಪುತ್ತಾರೆ, ದೊಡ್ಡಪ್ಪನ ಹೆಸರು ಉಳಿಯುತ್ತದೆ. ಅವರ ಕಣ್ಣು? ಹೇಳಿದರೆ ಕಣ್ಣಿಗೆ ಮದ್ದಾದೀತು. ಆದರೆ ಒಂದು ವರ್ಷ ಬೆನ್ನ ಹಿಂದೆ ಅವರ ಕೆಲಸ ತಿದ್ದಿದವಳನ್ನು ಅವರು ಮತ್ತೆ ಈ ಕುರ್ಚಿಯಲ್ಲಿ ಕೂರಿಸುತ್ತಾರೆಯೇ?

ಹೊಸ ಕಾಗದದ ಕಟ್ಟಿನಿಂದ ಒಂದು ಖಾಲಿ ಹಾಳೆ ಎಳೆದು, ಕಿಟಕಿಯ ಬೆಳಕಿಗೆ ಹಿಡಿದೆ.

"ಎಡಗಣ್ಣು ಮುಚ್ಚಿ ಇದನ್ನ ನೋಡಿ ದೊಡ್ಡಪ್ಪ."

"ಏನು ಆಟ ಇದು?"

"ಒಂದೇ ಒಂದು ಸಲ."

ಅಂಗೈಯಿಂದ ಮುಚ್ಚಿಕೊಂಡರು. "ಯಾವನು ಕೊಟ್ಟ ಕಾಗದ ಇದು? ಹಳದಿ ತಿರುಗಿದೆ."

"ಈಗ ಬಲಗಣ್ಣು ಮುಚ್ಚಿ."

"ಹಾಂ, ಇದು ಪರವಾಗಿಲ್ಲ. ಇದನ್ನೇ ಹಾಕು."

"ಎರಡೂ ಒಂದೇ ಹಾಳೆ."

ಅವರು ನನ್ನ ಇನ್ನೊಂದು ಕೈ ನೋಡಿದರು. ಅದು ಖಾಲಿಯಿತ್ತು. ಹಾಳೆಯನ್ನು ಕಿತ್ತುಕೊಂಡು ತಾವೇ ಕಿಟಕಿಗೆ ಹಿಡಿದರು. ಆ ಕಣ್ಣು, ಈ ಕಣ್ಣು. ಮತ್ತೆ ಆ ಕಣ್ಣು. ಕೊನೆಗೆ ಹಾಳೆಯನ್ನು ಕೆಳಗಿಟ್ಟರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಫ್ರೇಮಣ್ಣ ಬಾಯಿಂದ ಮೊಳೆ ತೆಗೆದ. "ಪೊರೆ ಇರಬೇಕು. ನಮ್ಮ ಮಾವನಿಗೂ ಬಂದಿತ್ತು. ತೆಗೆಸಿದ ಮೇಲೆ ನನ್ನ ತಪ್ಪೆಲ್ಲ ಅವರಿಗೆ ನಿಚ್ಚಳವಾಗಿ ಕಾಣ್ತಿದೆ."

ದೊಡ್ಡಪ್ಪ ನಗಲಿಲ್ಲ. "ಹಾಗಾದರೆ ಇಷ್ಟು ದಿನ ಯಾರೂ ಯಾಕೆ ಏನೂ ಅನ್ನಲಿಲ್ಲ?"

ಹೇಳಿದೆ. ಪರದೆ ನೋಡುತ್ತಲೇ ಹೇಳಿದೆ. ನಾನು ಇಳಿಸಿ ಉಳಿಸಿಕೊಂಡಿದ್ದ ಚಿತ್ರಗಳನ್ನು ಒಂದೊಂದಾಗಿ ತೆರೆದು ತೋರಿಸಿದೆ. ಕಣ್ಣಿನ ಸುದ್ದಿಗೆ ಬಾರದ ಸಿಟ್ಟು ಅವರಿಗೆ ಅದಕ್ಕೆ ಬಂತು.

"ಒಂದು ವರ್ಷ ನನ್ನನ್ನ ಗೊಂಬೆ ಮಾಡಿ ಕೂರಿಸಿದೆ! ಇಂಕಿನವನಿಗೆ ಎಷ್ಟು ಬೈದೆ ಗೊತ್ತಾ? ಆಗಲೂ ಬಾಯಿ ಬಿಡಲಿಲ್ಲ ನೀನು."

"ನಿಮಗೆ ಬೇಜಾರಾಗುತ್ತೆ ಅಂತ..."

"ಈಗ ಆಗಿದ್ದು ಏನು, ಸಂತೋಷವಾ?"

ಹೊರಗೆ ಹೋದರು. ನಾನು ಕುರ್ಚಿಯಿಂದ ಏಳಲಿಲ್ಲ. ಎದ್ದರೆ ಮತ್ತೆ ಕೂರುವುದು ಆಗದು ಅನ್ನಿಸಿತ್ತು. ಒಂದು ಗಂಟೆಯ ನಂತರ ದೊಡ್ಡಮ್ಮನ ಫೋನ್ ಬಂತು. ಸೋಮವಾರಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೆಸರು ಬರೆಸಿದ್ದಾಳಂತೆ. "ನಿಮ್ಮ ದೊಡ್ಡಪ್ಪ ಮನೆಗೆ ಬಂದು ಬಲ್ಬಿನ ಕ್ಷಮೆ ಕೇಳಿದರು. ನನ್ನದು ಇನ್ನೂ ಕೇಳಿಲ್ಲ," ಅಂದಳು.

ಮಧ್ಯಾಹ್ನ ಅವರು ವಾಪಸ್ ಬಂದು ತಮ್ಮ ಸ್ಟೂಲನ್ನು ನನ್ನ ಕುರ್ಚಿಯ ಪಕ್ಕಕ್ಕೆ ಎಳೆದರು.

"ಕೆರೆಯ ಮೂರು ಫೋಟೋನೂ ಮೊದಲಿಂದ ತೆಗಿ. ನಾನು ಕಂಡಿದ್ದನ್ನ ಹೇಳ್ತೀನಿ, ನೀನು ಹಾಕು. ಬೇಡ ಅನ್ನಿಸಿದರೆ ನನ್ನ ಎದುರಿಗೇ ಬೇಡ ಅನ್ನು."

ಆ ಫೋಟೋ ತೆಗೆದ, ಎಂಟು ವರ್ಷದ ಹಿಂದಿನ ಬೆಳಗನ್ನು ಹೇಳುತ್ತಾ ಹೋದರು. ನೀರಿನ ಮೇಲೆ ಹಬೆ ಇತ್ತು. ಬಿಸಿಲು ಇನ್ನೂ ದಡಕ್ಕೆ ಇಳಿದಿರಲಿಲ್ಲ. ಕೈ ಮರಗಟ್ಟುವಷ್ಟು ಚಳಿ. ನಾನು ನೆರಳಿಗೆ ಒಂದಿಷ್ಟು ಬೆಳಕು ಕೊಟ್ಟೆ. ಆಕಾಶ ಬಿಳಿಯಾಗದಂತೆ ಹಿಡಿದಿಟ್ಟೆ.

"ನೀಲಿ ಏರಿಸು. ಇನ್ನೂ."

"ಬೇಡ," ಅಂದೆ. ಗಂಟಲಲ್ಲೇ ಉಳಿದಿರಬೇಕು ಅಂದುಕೊಂಡೆ. ಅವರಿಗೆ ಕೇಳಿಸಿತ್ತು.

"ಯಾಕೆ?"

"ಹಬೆ ಇತ್ತು ಅಂದಿರಲ್ಲ. ಅಷ್ಟು ನೀಲಿಯಾದರೆ ಹಬೆ ಸತ್ತುಹೋಗುತ್ತೆ."

ಅವರು ಬಲಗಣ್ಣು ಮುಚ್ಚಿಕೊಂಡು ಪರದೆಗೆ ಬಾಗಿ ನೋಡಿದರು. "ಹೂಂ. ಬಿಡು. ಗುಡ್ಡಕ್ಕೆ ಮಾತ್ರ ನೇರಳೆ ಬೇಕು. ಅವತ್ತು ಅಲ್ಲಿ ನೇರಳೆ ಇತ್ತು."

ಮೂರು ಫೋಟೋಗಳನ್ನೂ ಬೇರೆ ಬೇರೆಯಾಗಿ ತೆರೆದು ಗುಡ್ಡವನ್ನು ದೊಡ್ಡದು ಮಾಡಿದೆ. ಬೂದು, ಅದರಲ್ಲಿ ತುಸು ಹಸಿರು. ನೇರಳೆ ಯಾವುದರಲ್ಲೂ ಇರಲಿಲ್ಲ. ಆದರೆ ಕ್ಯಾಮೆರಾಗೆ ಕಂಡಷ್ಟೇ ನಿಜವಲ್ಲ ಅನ್ನುವುದನ್ನು ನನಗೆ ಕಲಿಸಿದವರೂ ಅವರೇ.

"ಅದು ಅವತ್ತು ಕಂಡಿದ್ದಾ ದೊಡ್ಡಪ್ಪ, ಆಮೇಲೆ ಇರಬೇಕು ಅನ್ನಿಸಿದ್ದಾ?"

ಹೊರಗೆ ಫ್ರೇಮಣ್ಣ ಮೊಳೆ ಹೊಡೆಯುವ ಸದ್ದು ನಿಂತು ಮತ್ತೆ ಶುರುವಾಯಿತು.

"ಗೊತ್ತಿಲ್ಲ ಕಣೇ," ಅಂದರು. "ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಹಾಗೆ ಕೇಳಲಿಲ್ಲ."

"ಏನು ಮಾಡ್ಲಿ ಈಗ?"

"ನೀನು ನೋಡಿ ಹೇಳು."

ನಾನು ನೇರಳೆ ಹಾಕದೆ ಗುಡ್ಡವನ್ನು ಇದ್ದ ಹಾಗೇ ಬಿಟ್ಟೆ. "ಬಿಟ್ಟಿದ್ದೀನಿ," ಅಂತ ಅವರಿಗೆ ಕೇಳುವ ಹಾಗೆ ಹೇಳಿ, ಪ್ರಿಂಟರಿಗೆ ಹಾಳೆ ಏರಿಸಲು ಎದ್ದೆ.