ಪೂರ್ವಕ್ಕೆ ಮುಖ ಮಾಡಿ ಕೂತವರು

ಲಹ್ದೋ ಕಲ್ಲು ಕೆತ್ತಿ ಬದುಕಿದವನು. ಊರು ಅವನನ್ನು ಮೆಚ್ಚುತ್ತಿದ್ದುದು ಮಾತ್ರ ಬೇರೆಯವರ ದನಿಯನ್ನು ಕಡೆದು ನಿಲ್ಲಿಸುತ್ತಿದ್ದುದಕ್ಕೆ. ಊರ ಮುಖ್ಯಸ್ಥನ ಕೆಮ್ಮು, ಪಾದ್ರಿಯ ಆಕಳಿಕೆ, ಮಿದ್ಯಾತ್ ಪಟ್ಟಣದ ಬಸ್ಸು ಏರು ಹತ್ತುವಾಗಿನ ನರಳಾಟ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು.

ಆ ಬೆಳಿಗ್ಗೆ ಪಾಳುಬಿದ್ದ ಇಗರ್ಜಿಯ ನೆಲದ ಚಪ್ಪಡಿಯನ್ನು ಎತ್ತಿದ್ದು ಅವನೇ. ಅದರ ಕೆಳಗೆ ಮೋರ್ ಶಬ್ಲೊ ಇದ್ದಾರೆ, ಈ ಗುಡ್ಡಗಳಿಗೆ ಯೇಸುವಿನ ಹೆಸರನ್ನು ಮೊದಲು ತಂದ ಸಂತರು ಅವರೇ ಎಂದು ಊರು ನಂಬಿತ್ತು. ಸೋದರತ್ತೆ ಶಮೂನಿ ಐವತ್ತು ವರ್ಷ ಆ ಚಪ್ಪಡಿಯ ಮೇಲೆ ದೀಪ ಹಚ್ಚಿದವಳು. ಅಗೆಯಲು ಬಂದ ಪುರಾತತ್ವದವರಿಗೆ ಅವಳು ಹೂಂ ಅಂದದ್ದು ಲಹ್ದೋ ಕೊಟ್ಟ ಒಂದೇ ಮಾತಿಗೆ: "ಅವ್ರನ್ನ ಅಲ್ಲಿಂದ ಕದಲಿಸೋಕೆ ಬಿಡಲ್ಲ ಅತ್ತೆ."

ಅಗೆತದ ಮುಖ್ಯಸ್ಥೆ ನೆವಿನ್ ಗುಂಡಿಯಲ್ಲಿ ಕುಂಚ ಕೆಳಗಿಟ್ಟಳು. ಕಡಲ ಕಡೆಯ ಊರಿನವಳು, ರೋಮನ್ನರ ಸಮಾಧಿಗಳಲ್ಲಿ ಪಳಗಿದವಳು.

"ಉಸ್ತಾದ್ರೇ, ಇದು ಯಾರೋ ಕೆದಕಿದ ಸಮಾಧಿ. ದೇಹ ಮಲಗಿಸಿದ ಗುರುತೇ ಇಲ್ಲ, ಎಲ್ಲಾ ಒಂದೇ ಗುಡ್ಡೆ. ತಲೆಬುರುಡೆ ಸೊಂಟದ ಮೂಳೆ ಮೇಲಿದೆ! ಎಲ್ಲಿಂದಲೋ ತಂದು ಸುರಿದಿದ್ದಾರೆ."

"ಹಂಗಾದ್ರೆ?"

"ಕದಡದೇ ಇದ್ದಿದ್ರೆ ಅಳತೆ ತಗೊಂಡು ಹಾಗೇ ಮುಚ್ಚಿಬಿಡ್ತಿದ್ವಿ. ಸುರಿದ ಮೂಳೆ ಬಿಡೋ ಹಾಗಿಲ್ಲ. ಪೆಟ್ಟಿಗೆಗೆ ತುಂಬಿ ಉಗ್ರಾಣಕ್ಕೆ ಕಳಿಸ್ಬೇಕು. ಮಧ್ಯಾಹ್ನ ಗಾಡಿ ಬರುತ್ತೆ."

ಮೇಲೆ ಅಂಚಿನಲ್ಲಿ ಶಮೂನಿಯ ಕೋಲು ಟಕ್ಕೆಂದಿತು.

"ಏನೋ ಮಂಗನಾಟದವ್ನೇ, ಬಾಯಿ ಬಿದ್ಹೋಯ್ತಾ? ಅವತ್ತು ನಂಗೆ ಮಾತು ಕೊಟ್ಟಿದ್ದು ಯಾರ ದನೀಲಿ? ನಿಂದೋ, ಆ ಕೆಮ್ಮೋನದೋ?"

ಲಹ್ದೋ ಗುಂಡಿಗಿಳಿದು ಬಗ್ಗಿದ. ಗುಡ್ಡೆ ಗುಡ್ಡೆಯಾಗಿಯೇ ಇತ್ತು. ಆದರೆ ಅದರ ಮುಂದೆ, ಮಣ್ಣಿನಲ್ಲಿ, ಎರಡು ಪಾದಗಳು. ಒಂದೊಂದು ಕಿರುಮೂಳೆಯೂ ತನ್ನ ಜಾಗದಲ್ಲೇ, ಹೊಸ್ತಿಲಲ್ಲಿ ಜೋಡಿಸಿಟ್ಟ ಜೋಡುಗಳ ಹಾಗೆ, ಬೆರಳುಗಳು ಪೂರ್ವಕ್ಕೆ. ಸುರಿದವನಿಗೆ ಇಷ್ಟು ಪುರುಸೊತ್ತು ಎಲ್ಲಿಯದು?

"ಮೇಡಂ, ಸತ್ತವ್ರನ್ನ ನಿಮ್ ಕಡೆ ಮಲಗಿಸ್ತಾರೆ, ಅಲ್ವಾ?"

"ಎಲ್ಲಾ ಕಡೆನೂ."

"ಇಲ್ಲೂ ಮಲಗಿಸ್ತಾರೆ, ನಮ್ಮಂಥವ್ರನ್ನ. ಪಾದ್ರಿಗಳನ್ನ ಮಲಗಿಸಲ್ಲ, ಕುರ್ಚಿ ಮೇಲೆ ಕೂರಿಸ್ತಾರೆ. ಪೂರ್ವದಿಂದ ಒಡೆಯ ಯೇಸು ಮತ್ತೆ ಬರೋವಾಗ ಅವ್ರು ಕಾಲು ಚಾಚಿಕೊಂಡಿರಬಾರ್ದು. ಪಾದ್ರಿಯಾಗಿದ್ದ ನಮ್ಮ ಮಲ್ಕೆ ದೊಡ್ಡಪ್ಪನ್ನ ಕುರ್ಚಿ ಸಮೇತ ಇಳಿಸಿದ್ದು ಈ ಕೈಯೇ. ಮುಂದಕ್ಕೆ ಬೀಳದ ಹಾಗೆ ಸೊಂಟಕ್ಕೆ ಬಟ್ಟೆ ಬಿಗಿದಿದ್ದೂ ನಾನೇ."

ಅವನು ಮಣ್ಣಿನ ಬುಟ್ಟಿಯನ್ನು ಬೋರಲು ಹಾಕಿ ಮೂಳೆಗಳ ಪಕ್ಕ ಕೂತ. ಬೆನ್ನು ನೆಟ್ಟಗಾಯಿತು, ಅಂಗೈಗಳು ಮೊಣಕಾಲ ಮೇಲೆ ಬಂದವು. ಮೇಲಿದ್ದ ಶಮೂನಿ ಕೋಲೂರಿ ಬಗ್ಗಿ ನೋಡಿದಳು. ನಲವತ್ತು ವರ್ಷದ ಹಿಂದೆ ಮಣ್ಣಾದ ಅವಳ ಅಣ್ಣ ಮಲ್ಕೆ ಅಲ್ಲಿ ಕೂತಿದ್ದ.

"ಮೊದ್ಲು ಬಟ್ಟೆ ಕೊಳೆಯುತ್ತೆ," ಎಂದ ಲಹ್ದೋ. ಅವನ ಭುಜಗಳು ಕುಸಿದವು. "ಆಮೇಲೆ ಕುತ್ತಿಗೆ." ತಲೆ ಎದೆಗೆ ಬಿತ್ತು, ಎದೆ ಮಡಿಲಿಗೆ ಬಾಗಿತು, ಕೈಗಳು ಜಾರಿದವು. "ಕುರ್ಚಿನೂ ಹೋಗುತ್ತೆ." ಇಡೀ ಮನುಷ್ಯ ತನ್ನ ಮಡಿಲಲ್ಲೇ ಗುಡ್ಡೆಯಾದ. ಪಾದಗಳು ಮಾತ್ರ ಅಲ್ಲಾಡಲಿಲ್ಲ.

ಅವನ ಅಣಕಕ್ಕೆ ಯಾರೂ ನಗದೇ ಇದ್ದದ್ದು ಅದೇ ಮೊದಲು.

ನೆವಿನ್ ಪಾದಗಳನ್ನು ನೋಡಿದಳು, ಗುಡ್ಡೆಯನ್ನು ನೋಡಿದಳು. ಕುಂಚವನ್ನು ಮತ್ತೆ ಎತ್ತಿಕೊಂಡು ಗುಡ್ಡೆಯ ಸುತ್ತ ಮಣ್ಣನ್ನು ಮೆಲ್ಲಗೆ ಸವರಿದಳು. ಕೊಳೆತ ಮರದ ಕಪ್ಪು ಕಲೆ ಒಂದು ಮೂಡಿತು, ಇನ್ನೊಂದು ಮೂಡಿತು. ಕುರ್ಚಿಯ ನಾಲ್ಕನೆಯ ಕಾಲಿನ ಗುರುತು ಸಿಗುವವರೆಗೂ ಅವಳು ಸವರಿದಳು. ಆಮೇಲೆ ಕೆದಕಿದ ಸಮಾಧಿ ಎಂದು ಪುಸ್ತಕದಲ್ಲಿ ಬರೆದಿದ್ದನ್ನು ಅಡ್ಡಗೀಟೆಳೆದು ಹೊಡೆದು ಹಾಕಿದಳು.

"ಅವ್ರೇನೇನಮ್ಮಾ?" ಶಮೂನಿಯ ದನಿ ಸಣ್ಣದಾಗಿತ್ತು.

"ಹೆಸರು ಹೇಳೋಕೆ ನನ್ನಿಂದಾಗಲ್ಲ ಅಜ್ಜಿ. ತುಂಬಾ ಹಳೇ ಕಾಲದ ಪಾದ್ರಿ ಇರಬೇಕು. ಕೂತಲ್ಲಿಂದ ಇವರನ್ನ ಯಾರೂ ಕದಲಿಸಿಲ್ಲ. ನಾವೂ ಕದಲಿಸಲ್ಲ."

"ಹೆಸರು ನಾನ್ ನೋಡ್ಕೋತೀನಿ ಬಿಡು," ಎಂದಳು ಮುದುಕಿ. ಬುಟ್ಟಿಯ ಮೇಲೆ ಇನ್ನೂ ಬಾಗಿಯೇ ಇದ್ದ ಅಳಿಯನತ್ತ ಕೋಲು ಚಾಚಿದಳು. "ಏಳೋ, ಸಾಕು. ಅಲ್ಲಿ ಕೂರೋಕೆ ನೀನು ಪಾದ್ರಿಯಾಗಬೇಕಿತ್ತು."

ಅಳತೆ, ಚಿತ್ರ ಮುಗಿಯುವ ಹೊತ್ತಿಗೆ ಗಾಡಿ ಬಂದು ಬರಿದಾಗಿಯೇ ಮರಳಿತ್ತು. ಲಹ್ದೋ ಚಪ್ಪಡಿಯನ್ನು ಹಾರೆಯಿಂದ ಮೀಟಿ ಹಳೆಯ ಗುರುತಿಗೆ ಕೂರಿಸಿದ. ಶಮೂನಿ ತಲೆವಸ್ತ್ರದ ಅಂಚಿನಿಂದ ಅದರ ಧೂಳು ಒರೆಸಿ ದೀಪ ಇಟ್ಟಳು.

"ಕೊಟ್ಟ ಮಾತು ಉಳಿಸ್ದೆ ಅತ್ತೆ," ಎಂದ.

ಆ ದನಿ ಯಾರದ್ದೂ ಆಗಿರಲಿಲ್ಲ, ಅವನದೇ ಆಗಿತ್ತು.