ಕತ್ತರಿಸಿದ ನಿಮಿಷಗಳು

ಅಂಗಡಿಯ ಗಾಜಿನ ಕಟ್ಟೆಯ ಮೇಲೆ ಅವಳು ಒಂಬತ್ತು ಹಳೆಯ ಹಾರ್ಡ್ ಡಿಸ್ಕ್‌ಗಳನ್ನು ಸಾಲಾಗಿ ಇಟ್ಟಳು. ಒಂದೊಂದನ್ನೂ ಕರವಸ್ತ್ರದಲ್ಲಿ ಸುತ್ತಿ, ಮೊಟ್ಟೆ ತರುವವಳ ಹಾಗೆ ಜೋಪಾನವಾಗಿ ತಂದಿದ್ದಳು.

"ಇಷ್ಟೂ ಒಂದರಲ್ಲೇ ಹಿಡೀಬೇಕು. ಅಗ್ಗದ್ದು ಬಂದಿದೆಯಂತಲ್ಲ?"

ಅಂಗಡಿಯವನು ಹೊಸ ಬಗೆಯ ಡಿಸ್ಕು, ಎರಡು ಎಸ್‌ಎಸ್‌ಡಿ ತೆಗೆದಿಟ್ಟ. ಒಂದರಲ್ಲಿ ಇನ್ನೊಂದರ ನಾಲ್ಕು ಪಟ್ಟು ಜಾಗ. ಬೆಲೆಯಲ್ಲಿ ಮಾತ್ರ ಅಂಥ ವ್ಯತ್ಯಾಸವಿರಲಿಲ್ಲ.

"ಈ ದೊಡ್ಡದು ಶುರುವಲ್ಲಿ ಓಡುತ್ತೆ, ರಾಶಿಗಟ್ಟಲೆ ತುಂಬ್ತಾ ಹೋದ್ರೆ ಏದುಸಿರು ಬಿಡುತ್ತೆ. ದಿನಾ ಬರೆದು ಅಳಿಸೋರಿಗೆ ನಾನಿದನ್ನ ಕೊಡಲ್ಲ. ಒಂದ್ಸಲ ತುಂಬಿಟ್ಟು ಕೇಳ್ತಾ ಕೂರೋರಿಗೆ ಧಾರಾಳ ಸಾಕು. ಆದ್ರೆ ವರ್ಷಗಟ್ಟಲೆ ಬೀರುವಿನಲ್ಲಿ ಬಿಸಾಕಬೇಡಿ, ಕರೆಂಟ್ ಕಾಣದೇ ಇದ್ರೆ ಇವಕ್ಕೂ ಮರೆವು ಬರುತ್ತೆ. ಇನ್ನೊಂದು ಪ್ರತಿ ಬೇರೆ ಕಡೆ ಇರ್ಲಿ."

"ಮರೆಯೋದು ನನ್ನ ಕೈಲಿ ಆಗಲ್ಲ ಬಿಡಿ" ಎಂದಳು ಅವಳು.

ಅವನು ಒಂಬತ್ತನೆಯ ಡಿಸ್ಕನ್ನು ತಂತಿಗೆ ಸಿಕ್ಕಿಸಿ ಕಿವಿಗೊಟ್ಟ. ಒಳಗೆ ಟಿಕ್ ಟಿಕ್ ಎಂದಿತು. ತಟ್ಟನೆ ಕಿತ್ತ.

"ಇದರ ಕಥೆ ಮುಗೀತಾ ಬಂತು. ಮನೇಲಿ ಸಿಕ್ಕಿಸಿದ ಕೂಡ್ಲೇ ಕೇಳೋಕೆ ಹೋಗ್ಬೇಡಿ ಅಮ್ಮಾ. ಮೊದ್ಲು ಹೊಸದಕ್ಕೆ ಇಳಿಸ್ಕೊಳ್ಳಿ, ಆಮೇಲೆ ಕೇಳಿ."

ಅವಳು ಅದನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡಳು. ಉಳಿದ ಎಂಟು ಹೋದರೂ ಸಹಿಸಿಕೊಂಡಾಳು; ಅವಳಿಗೆ ಬೇಕಾಗಿದ್ದು ಇದೊಂದೇ.

ಮೂರು ವರ್ಷದ ಹಿಂದೆ ತೀರಿಕೊಂಡ ಅವಳ ಗಂಡ ಸೌಂಡ್ ರೆಕಾರ್ಡಿಸ್ಟ್. ಸಾಕ್ಷ್ಯಚಿತ್ರಗಳಿಗಾಗಿ ಅಲೆದಾಡಿ ಶಬ್ದ ಹಿಡಿದು ತರುವುದು ಅವನ ಕೆಲಸ, ಅದನ್ನು ಒಪ್ಪ ಮಾಡಿ ಜೋಡಿಸುವುದು ಎಡಿಟರ್ ಆದ ಅವಳದು. ಪ್ರತಿ ರೆಕಾರ್ಡಿಂಗಿನ ತಲೆಯಲ್ಲಿ ಅವನು ಜಾಗ, ತಾರೀಖು ಹೇಳಿ ಏನೇನೋ ಗೊಣಗಿ, ಆಮೇಲೆ ಒಂದು ನಿಮಿಷ ಆ ಜಾಗದ ಬರೀ ಮೌನ ಹಿಡಿಯುತ್ತಿದ್ದ. ಆ ಕಾಲಕ್ಕೆ ಡಿಸ್ಕುಗಳಿಗೆ ಬಂಗಾರದ ಬೆಲೆ. ಅವಳು ಒಂದನ್ನೂ ಬಿಡದೆ ಆ ತಲೆಗಳನ್ನೆಲ್ಲ ಕತ್ತರಿಸಿ ಒಗೆದಳು. ಕೇಳಿ ಕತ್ತರಿಸುವಷ್ಟು ಪುರುಸೊತ್ತು ಯಾರಿಗಿತ್ತು? ಪರದೆಯ ಮೇಲೆ ಶಬ್ದದ ಗೆರೆ ನೋಡಿದರೆ ಮಾತು ಎಲ್ಲಿ ನಿಂತಿತು ಎಂದು ಕಣ್ಣಿಗೇ ಗೊತ್ತಾಗುತ್ತಿತ್ತು. ಇಡೀ ಒಂದು ಡಿಸ್ಕ್ ಉಳಿಸಿದೆ ಎಂದು ಅವಳು ಬೀಗಿದಾಗ ಅವನು ನಕ್ಕು, ಅಂದಿನಿಂದ ಅವಳನ್ನು "ಕತ್ತರಿ" ಎಂದೇ ಕರೆದ.

ಅವನು ಪ್ರತಿ ಸಲವೂ ಅಲೆದಾಟ ಮುಗಿಸಿ ಬರಿಗೈಯಲ್ಲೇ ಮನೆಗೆ ಬರುತ್ತಿದ್ದ. ಅವಳು ಮುಖ ಊದಿಸಿದರೆ, "ನೀನು ಏನೂ ಹೇಳ್ಲೇ ಇಲ್ವಲ್ಲ" ಎನ್ನುತ್ತಿದ್ದ. "ಕೇಳಿದ್ರೆ ತಾನೇ ಹೇಳೋದು" ಎಂದು ಅವಳು ಸಿಡುಕುತ್ತಿದ್ದಳು.

ಅವನು ಆಸ್ಪತ್ರೆ ಸೇರಿದ ವಾರ ಕೊಟ್ಟ ಒಂಬತ್ತನೆಯದನ್ನು, ಕೇಳುವ ಧೈರ್ಯವಾಗದೆ, ಅವಳು ಮುಟ್ಟಿರಲಿಲ್ಲ. ಅದಕ್ಕೆ ಕತ್ತರಿ ಬಿದ್ದಿರಲಿಲ್ಲ. ಈ ಭೂಮಿಯ ಮೇಲೆ ಅವನ ದನಿ ಉಳಿದಿದ್ದರೆ ಅದರಲ್ಲೇ ಉಳಿದಿರಬೇಕಿತ್ತು.

ಅವಳು ದೊಡ್ಡದನ್ನೇ ಕೊಂಡಳು.

ಮನೆಯಲ್ಲಿ ಒಂಬತ್ತನೆಯದನ್ನೂ ಹೊಸದನ್ನೂ ಕಂಪ್ಯೂಟರಿಗೆ ಸಿಕ್ಕಿಸಿದಾಗ ಮಧ್ಯಾಹ್ನದ ಬಿಸಿಲು ಮೇಜಿನ ಮೇಲಿತ್ತು. ಕಡತಗಳ ಹೆಸರುಗಳು ಕಂಡವು. ಮೊದಲನೆಯದರ ಮೇಲೆ ಬೆರಳು ಹೋಗಿಯೇ ಬಿಟ್ಟಿತ್ತು. ಒಂದೇ ಒಂದು ಸಲ ಕೇಳಿಬಿಟ್ಟರೆ ಏನಾದೀತು? ಅಂಗಡಿಯವನ ಮಾತು ನೆನಪಾಗಿ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತಳು. ಹಸಿರು ಪಟ್ಟಿ ತೆವಳಿತು, ನಿಂತಿತು, ಮತ್ತೆ ತೆವಳಿತು. ಡಿಸ್ಕ್ ಟಿಕ್ ಎಂದಾಗಲೆಲ್ಲ ಅವಳು ಕಣ್ಣು ಮುಚ್ಚಿದಳು. ಮೂರು ವರ್ಷ ತಡೆದವಳಿಗೆ ಆ ಮೂರು ಗಂಟೆ ತಡೆಯುವುದು ಕಷ್ಟವಾಯಿತು.

ಎಂಬತ್ತು ಕಡತಗಳಲ್ಲಿ ಮೂವತ್ತೊಂದು ಇಳಿದ ಮೇಲೆ ಹಳೆಯ ಡಿಸ್ಕ್ ಸದ್ದಿಲ್ಲದೆ ನಿಂತಿತು. ಮತ್ತೆ ಎಬ್ಬಿಸಲು ನೋಡಿದಳು, ಏಳಲಿಲ್ಲ.

ಹೊಸದರಲ್ಲಿ ಮೊದಲನೆಯದನ್ನು ತೆರೆದಳು. ಈ ಸಲ ಗೆರೆಯತ್ತ ನೋಡಲಿಲ್ಲ, ಕೇಳಿದಳು.

ಅವನ ದನಿ. ನದಿಯ ದಂಡೆ ಎಂದ, ತಾರೀಖು ಹೇಳಿದ. ಗಂಟಲು ಸರಿಮಾಡಿಕೊಂಡ.

"ಕತ್ತರೀ, ಮುಂದಿನ ಸಲ ಬರೋವಾಗ ಏನು ತರ್ಲಿ? ಪ್ರತಿ ಸಲ ಕೇಳ್ತೀನಿ, ನೀನು ಕೇಳ್ದೇನೇ ಕತ್ತರಿಸಿ ಹಾಕ್ತೀಯ. ಇರ್ಲಿ. ಈಗ ಒಂದ್ ನಿಮಿಷ ಸುಮ್ನಿರ್ತೀನಿ, ಹೇಳು."

ಎರಡನೆಯದರಲ್ಲೂ ಅದೇ ಪ್ರಶ್ನೆ. ಮೂರನೆಯದರಲ್ಲೂ. ಹಾಗಾದರೆ ಆ ಎಂಟು ಡಿಸ್ಕುಗಳಿಂದ ತಾನು ಕತ್ತರಿಸಿ ಎಸೆದದ್ದೇನು ಎಂದು ಅವಳಿಗೆ ತಿಳಿಯಿತು. ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಪರದೆಯ ಮೂಲೆಯಲ್ಲಿ ಹೊಸ ಎಸ್‌ಎಸ್‌ಡಿ ತನ್ನ ಜಾಗ ಬಹುಪಾಲು ಖಾಲಿಯಿದೆ ಎಂದು ತೋರಿಸುತ್ತಿತ್ತು.

ಅವಳು ಮೂಗು ಒರೆಸಿಕೊಂಡು ಮತ್ತೆ ಮೊದಲನೆಯದನ್ನೇ ಹಾಕಿದಳು. ಅವನು ಕೇಳಿದ. ಆಮೇಲೆ ಆ ಒಂದು ನಿಮಿಷ ಶುರುವಾಯಿತು. ನೀರಿನ ಸದ್ದು, ಹತ್ತಿರದಲ್ಲೇ ಅವನ ಉಸಿರು. ಅವನು ಕಾಯುತ್ತಿದ್ದ.

"ಏನೂ ತರ್ಬೇಡ" ಎಂದಳು ಅವಳು. "ಬರಿಗೈಲೇ ಬಾ."