ಅಂಗೈಗೆ ಎಷ್ಟು ಇಂಚು

ನೋಡಬೇಕಾದ್ದನ್ನು ಓರೆಗಣ್ಣಿನಿಂದ ನೋಡಿ ಎಂದು ಕಣ್ಣಿನ ಡಾಕ್ಟರು ಹೇಳಿದಾಗ ನನಗೆ ಅರವತ್ತೆಂಟು ವರ್ಷ. ಹದಿನಾರನೇ ವಯಸ್ಸಿನಲ್ಲಿ ಇದೇ ಕೆಲಸ ಮಾಡಿದ್ದಕ್ಕೆ ಅಮ್ಮ ತಲೆಗೆ ಮೊಟಕಿದ್ದಳು. ಈಗ ಚೀಟಿಯಲ್ಲಿ ಬರೆದುಕೊಟ್ಟು ಮಾಡಿ ಅನ್ನುತ್ತಿದ್ದಾರೆ.

"ಪ್ರೇಮಲೀಲಾ ಅವರೇ, ನಿಮ್ಮ ಕಣ್ಣಿನ ಒಳಪದರದಲ್ಲಿ ನಟ್ಟನಡುವಿನ ಜಾಗ ಸವೆದಿದೆ. ಸುತ್ತಲಿನದು ಚೆನ್ನಾಗಿದೆ. ನೇರವಾಗಿ ನೋಡಿದ್ರೆ ಕಾಣಲ್ಲ, ಸ್ವಲ್ಪ ಪಕ್ಕಕ್ಕೆ ನೋಡಿದ್ರೆ ಕಾಣುತ್ತೆ. ಅಭ್ಯಾಸ ಮಾಡ್ಕೊಳ್ಳಿ," ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ಶ್ರೀರಾಂಪುರದ ನಮ್ಮ ಮನೆಯ ತಾರಸಿಯಲ್ಲಿ ನಿಂತು ಚಾಮುಂಡಿಬೆಟ್ಟವನ್ನು ನೋಡಿದರೆ ಅಲ್ಲಿ ಬೆಟ್ಟವೇ ಇರುವುದಿಲ್ಲ. ಎದುರು ಮನೆಯ ನೀರಿನ ಟ್ಯಾಂಕನ್ನು ನೋಡಿದರೆ ಬೆಟ್ಟ ಮೆಲ್ಲಗೆ ಬಂದು ಅದರ ಪಕ್ಕ ನಿಲ್ಲುತ್ತದೆ. ಮಂಡಕಳ್ಳಿಯಿಂದ ಏಳುವ ಪುಟ್ಟ ವಿಮಾನವೂ ಹಾಗೇ. ಅದನ್ನು ಹುಡುಕಿದರೆ ಸಿಗುವುದಿಲ್ಲ, ತೆಂಗಿನ ಗರಿಯ ಕಡೆ ಸುಮ್ಮನೆ ಕಣ್ಣಿಟ್ಟರೆ ತಾನಾಗಿ ತೇಲಿ ಬರುತ್ತದೆ. ಅರೆನಿದ್ದೆಯಲ್ಲಿ ಕಂಡ ಊರಿನಂತೆ ಎಲ್ಲವೂ ಅಂಚಿನಲ್ಲಿ ಓಡಾಡಿಕೊಂಡಿರುತ್ತದೆ. ಒಮ್ಮೊಮ್ಮೆ ಇದೂ ಚೆನ್ನಾಗೇ ಇದೆ ಅನ್ನಿಸಿಬಿಡುತ್ತದೆ. ಆದರೆ ನಮ್ಮ ಮನೆಯವರು, ಸದಾಶಿವಯ್ಯನವರು, ಎದುರಿಗೆ ಬಂದು ಕೂತರೆ ಎರಡು ಕಿವಿ ಕಾಣುತ್ತವೆ, ಹೆಗಲ ಮೇಲಿನ ಟವೆಲ್ಲು ಕಾಣುತ್ತದೆ, ನಡುವೆ ಮುಖವಿರಬೇಕಾದ ಕಡೆ ಬರೀ ಸಾಂಬ್ರಾಣಿ ಹೊಗೆ. ಆಗ ಮಾತ್ರ ಚೆನ್ನಾಗಿರುವುದಿಲ್ಲ.

ಡಾಕ್ಟರಿಗೆ ನಾನು ಹೇಳಿದ್ದು ಪೇಪರು ಓದಲು ಆಗುತ್ತಿಲ್ಲ ಎಂದು. ನಿಜವಾದ ಸಂಕಟವನ್ನು ಹೇಳಲಿಲ್ಲ.

ನಾವು ಲಿಂಗ ಕಟ್ಟಿಕೊಂಡವರು. ಕೊರಳಿನ ಬೆಳ್ಳಿ ಕರಡಿಗೆಯಿಂದ ದಿನಾ ಬೆಳಗ್ಗೆ ಲಿಂಗವನ್ನು ತೆಗೆದು ಎಡಗೈಯ ಅಂಗೈ ಮೇಲೆ ಇಟ್ಟುಕೊಂಡು ಪೂಜೆ ಮಾಡುತ್ತೇವೆ. ನೀರು, ವಿಭೂತಿ, ಒಂದು ಪತ್ರೆ. ಆಮೇಲೆ ಸುಮ್ಮನೆ ಅದನ್ನೇ ನೋಡುತ್ತಾ ಕೂರುವುದು. ಎಂಟನೇ ವಯಸ್ಸಿಗೆ ನನಗೆ ದೀಕ್ಷೆಯಾದಾಗ ಗುರುಗಳು, "ದೀಪದ ಬೆಳಕು ಲಿಂಗದ ಕಪ್ಪು ಮೈಮೇಲೆ ಸಾಸಿವೆ ಕಾಳಷ್ಟು ಹೊಳೆಯುತ್ತೆ ಮಗೂ, ಅದನ್ನ ನೋಡು, ಸಾಕು," ಅಂದಿದ್ದರು. ಅರವತ್ತು ವರ್ಷ ನೋಡಿದ್ದೇನೆ. ಮದುವೆಯಾದ ಮಾರನೇ ದಿನವೂ ನೋಡಿದ್ದೇನೆ, ಅಮ್ಮ ತೀರಿಕೊಂಡ ಬೆಳಗ್ಗೆಯೂ ನೋಡಿದ್ದೇನೆ. ಎಂಟು ತಿಂಗಳ ಹಿಂದೆ ಒಂದು ದಿನ ಅಂಗೈ ನೋಡಿಕೊಂಡರೆ ಐದೂ ಬೆರಳ ತುದಿ ಇದ್ದವು, ಮಣಿಕಟ್ಟಿನ ವಿಭೂತಿ ಇತ್ತು, ಲಿಂಗ ಇರಲಿಲ್ಲ. ಭಾರ ಇತ್ತು, ತಂಪು ಇತ್ತು. ಓರೆಯಾಗಿ ನೋಡಿದರೆ ಏನೋ ಕಪ್ಪು ಉಂಡೆಯಂಥದ್ದು ಸುಳಿಯಿತು, ಬೆಳಕು ಕಾಣಲೇ ಇಲ್ಲ.

ನಮ್ಮ ಮನೆಯವರಿಗೆ ಹೇಳಬಹುದಿತ್ತು. ಹೇಳಿದ್ದರೆ, "ಒಳಗಣ್ಣಿಂದ ನೋಡು ಪ್ರೇಮಾ," ಅನ್ನುತ್ತಿದ್ದರು. ಹೊರಗಣ್ಣು ನೆಟ್ಟಗಿರುವವರಿಗೆ ಒಳಗಣ್ಣಿನ ಮಾತು ಬಲು ಸಲೀಸು. ನನಗೆ ಒಳಗಣ್ಣು ಬೇಡ. ಸಾಸಿವೆ ಕಾಳಿನಷ್ಟು ಆ ಬೆಳಕು ಬೇಕು.

ಭೂತಗನ್ನಡಿ ಇನ್ನು ಸಾಲದು, ಒಂದು ಒಳ್ಳೆಯ ಫೋನು ಇಟ್ಟುಕೊಳ್ಳಿ, ಅದರ ಕ್ಯಾಮೆರಾ ಎಂಥದ್ದನ್ನೂ ದೊಡ್ಡದು ಮಾಡಿ ತೋರಿಸುತ್ತದೆ ಎಂದು ಡಾಕ್ಟರು ಅಂದದ್ದೇ ತಡ, ನಮ್ಮ ಮನೆಯಲ್ಲಿ ಚುನಾವಣೆ ಶುರುವಾಯಿತು. ಮಗ ಮಹೇಶ ಆಂಡ್ರಾಯ್ಡ್ ಪಕ್ಷ. ಕಡಕೊಳದ ಫ್ಯಾಕ್ಟರಿಯಲ್ಲಿ ಇಂಜಿನಿಯರು, ಯಂತ್ರದ ನಕ್ಷೆಗಳನ್ನೆಲ್ಲ ಫೋನಿನಲ್ಲೇ ನೋಡುವವನು, ಅವನಿಗೆ ದೊಡ್ಡದೇ ಆಗಬೇಕು. ಸೊಸೆ ಸುಷ್ಮಾ ಐಫೋನ್ ಪಕ್ಷ. ಮಂಡಕಳ್ಳಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅವಳ ಒಂದು ಕೈಯಲ್ಲಿ ಯಾವಾಗಲೂ ಯಾರದೋ ಬ್ಯಾಗಿನ ಚೀಟಿ, ಉಳಿದ ಒಂದೇ ಕೈಯಲ್ಲಿ ಫೋನು.

ಮಹೇಶ ಹೊಸದೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟ. ಮಣೆಯಷ್ಟಿತ್ತು.

"ಆರೂ ಮುಕ್ಕಾಲು ಇಂಚು ಕಣಮ್ಮ! ಅಕ್ಷರ ಎಷ್ಟು ಬೇಕಾದ್ರೂ ದಪ್ಪ ಮಾಡ್ಕೊ. ಹಿಂದಕ್ಕೆ ಹೋಗೋ ಬಾಣ ಯಾವಾಗ್ಲೂ ಕೆಳಗೇ ಇರುತ್ತೆ."

"ಅದನ್ನ ಎತ್ತೋಕೆ ಅತ್ತೆಗೆ ಇನ್ನೊಂದು ಕೈ ಬಾಡಿಗೆಗೆ ತನ್ನಿ," ಅಂದಳು ಸುಷ್ಮಾ. ಡ್ರಾಯರಿನಲ್ಲಿ ಬಿದ್ದಿದ್ದ ತನ್ನ ಹಳೇ ಐಫೋನನ್ನು ಒರೆಸಿ ತಂದಳು. "ಅತ್ತೆ, ಇದರಲ್ಲಿ ಕೆಳಗಡೆ ಒಂದೇ ಒಂದು ಗುಂಡಿ. ಕಣ್ಣು ಮುಚ್ಕೊಂಡ್ರೂ ಬೆರಳಿಗೆ ಸಿಗುತ್ತೆ. ಎಲ್ಲೇ ದಾರಿ ತಪ್ಪಿದ್ರೂ ಒತ್ತಿ, ಹೊರಟ ಜಾಗಕ್ಕೇ ವಾಪಸ್ ಬಂದ್ಬುಡ್ತೀರ."

"ನಾಲ್ಕೂ ಮುಕ್ಕಾಲು ಇಂಚು! ಬೆಂಕಿಪೊಟ್ಟಣ ಅದು. ಅಮ್ಮನ ಕಣ್ಣಿಗೆ ಏನು ಕಂಡೀತು?"

"ಕೈಗೆ ಸಿಕ್ಕಿದ್ರೆ ತಾನೆ ಕಣ್ಣಿಗೆ ಕಾಣೋದು?"

ನಮ್ಮ ಮನೆಯವರು ಪೇಪರಿನ ಹಿಂದಿನಿಂದಲೇ, "ನನ್ನ ಗುಂಡಿ ಫೋನ್ ನೋಡಿ ಕಲೀರಿ. ಸೋಮವಾರ ಚಾರ್ಜ್ ಹಾಕಿದ್ರೆ ಗುರುವಾರದವರೆಗೂ ಸದ್ದಿಲ್ಲ," ಅಂದರು. ಯಾವ ಪಕ್ಷವೂ ಅವರನ್ನು ಸೇರಿಸಿಕೊಳ್ಳಲಿಲ್ಲ.

ನಾನು ಮಗನಿಗೇ ಓಟು ಹಾಕಿದೆ. ದೊಡ್ಡದು ನಿಜಕ್ಕೂ ಚೆನ್ನಾಗಿತ್ತು, ಇಲ್ಲ ಅನ್ನಬಾರದು. ಎರಡೂ ಅಂಗೈ ಮೇಲೆ ಮಲಗಿಸಿಕೊಂಡು ಪೇಪರು ತೆರೆದರೆ ಅಕ್ಷರಗಳು ಕೋಡುಬಳೆಯಷ್ಟಾಗಿ ಒಂದೊಂದೇ ಅಂಚಿನಿಂದ ಬರುತ್ತಿದ್ದವು. ಒಂದು ಪದ ಬಂದು, ಹೊಳೆದು, ಕರಗುವಷ್ಟರಲ್ಲಿ ಇನ್ನೊಂದು. ಅರ್ಧ ಪುಟದ ಸುದ್ದಿಗೆ ಒಂದು ಮಧ್ಯಾಹ್ನವೇ ಹಿಡಿಯುತ್ತಿತ್ತು. ಆ ಮಧ್ಯಾಹ್ನಗಳಲ್ಲಿ ನಾನು ನೀರಿನೊಳಗೆ ಕೂತು ಓದುತ್ತಿದ್ದೇನೆ ಅನ್ನಿಸುತ್ತಿತ್ತು.

ಆದರೆ ನನ್ನ ಲೆಕ್ಕಾಚಾರವೇ ಬೇರೆ. ವಾರ ಕಳೆದ ಮೇಲೆ ಒಂದು ಬೆಳಗ್ಗೆ, ಇವರು ತಮ್ಮ ಪೂಜೆ ಮುಗಿಸಿ ಹೂವು ಬಿಡಿಸಲು ಹೊರಗೆ ಹೋದದ್ದನ್ನು ನೋಡಿಕೊಂಡು, ಫೋನನ್ನು ಸೆರಗಿನಲ್ಲಿ ಮುಚ್ಚಿ ದೇವರ ಮನೆಗೆ ಹೋದೆ. ಎಡಗೈಯಲ್ಲಿ ಲಿಂಗ. ಬಲಗೈಯಲ್ಲಿ ಆರೂ ಮುಕ್ಕಾಲು ಇಂಚು. ದೊಡ್ಡದು ಮಾಡುವ ಗುರುತು ಮೇಲ್ಗಡೆ ಮೂಲೆಯಲ್ಲಿತ್ತು, ಹೆಬ್ಬೆರಳು ಅಲ್ಲಿಗೆ ಎಟುಕದು. ಇನ್ನೊಂದು ಕೈಯಿಂದ ಒತ್ತೋಣ ಅಂದರೆ ಆ ಕೈ ನನ್ನದಲ್ಲ, ದೇವರದ್ದು. ಹೆಬ್ಬೆರಳನ್ನು ಚಾಚಿದೆ, ಇನ್ನೂ ಚಾಚಿದೆ. ಫೋನು ವಾಲಿ ಎಡಗೈಗೆ ಬಡಿಯಿತು. ಲಿಂಗ ಜಾರಿತು.

ಲಿಂಗವನ್ನು ಪ್ರಾಣ ಅಂತಲೇ ತಿಳಿದು ಕಟ್ಟಿಕೊಂಡವರಿಗೆ ಅದು ನೆಲಕ್ಕೆ ಬೀಳುವುದೆಂದರೆ ಏನೆಂದು ಬಿಡಿಸಿ ಹೇಳಲಾರೆ. ಮುಷ್ಟಿ ಕಟ್ಟಿ ಎದೆಗೆ ಅವುಚಿಕೊಂಡೆ. ಅದು ಒಳಗೇ ಇತ್ತು. ಫೋನು ಮಾತ್ರ ಮಣೆಗೆ ಬಡಿದು ನೆಲದ ಮೇಲೆ ದಢಾರೆಂದು ಬಿತ್ತು.

ಮಹೇಶ ಓಡಿ ಬಂದ. ಸೆರಗು, ದೀಪ, ನೆಲದ ಮೇಲೆ ಬೆಳಗುತ್ತಿದ್ದ ಫೋನು, ಎಲ್ಲ ನೋಡಿ ನಕ್ಕುಬಿಟ್ಟ. "ಏನಮ್ಮಾ, ಪೂಜೆಲೂ ವಾಟ್ಸಾಪಾ?"

ಅವನ ಹಿಂದೆಯೇ ಇವರು ಬಂದು ನಿಂತರು. ಮುಖ ನನಗೆ ಕಾಣುವಂತಿಲ್ಲವಲ್ಲ, ದನಿಯಲ್ಲೇ ಗೊತ್ತಾಯಿತು. "ಅರವತ್ತು ವರ್ಷದ ಪೂಜೆ ಕಣೇ ನಿಂದು," ಅಂದರು, ಅಷ್ಟೇ. ಹೂವಿನ ಬುಟ್ಟಿ ಇಟ್ಟು ಹೊರಟುಹೋದರು.

ನಿಜ ಹೇಳಬಹುದಿತ್ತು. ಹಟ ಬಂತು, ಹೇಳಲಿಲ್ಲ. ಎರಡು ದಿನ ಇವರು ನನ್ನ ಜೊತೆ ಮಾತಾಡಲಿಲ್ಲ. ಮಹೇಶ ಊಟಕ್ಕೆ ಕೂತಾಗಲೆಲ್ಲ, "ರೀಲ್ಸ್ ಅಜ್ಜಿ, ಇನ್ನೊಂದು ಸೌಟು ಸಾರು," ಅನ್ನುತ್ತಿದ್ದ. ನಾನೂ ನಕ್ಕೆ. ಬೆಳಗ್ಗೆ ಕಣ್ಣು ಮುಚ್ಚಿಕೊಂಡು ಪೂಜೆ ಮಾಡಿದೆ. ಕಣ್ಣು ಮುಚ್ಚಿದರೂ ಒಂದೇ, ತೆರೆದರೂ ಒಂದೇ ಆಗಿತ್ತು, ಅದನ್ನು ನೆನೆದು ತುಂಬಾ ದುಃಖವಾಯಿತು.

ಮೂರನೇ ದಿನ ಸುಷ್ಮಾ ಬೆಳಗಿನ ಪಾಳಿ ಮುಗಿಸಿ ಬಂದವಳು, ಅವರೆಕಾಯಿ ಬಿಡಿಸುತ್ತಿದ್ದ ನನ್ನ ಎದುರು ಬಂದು ಕೂತಳು. ಸ್ವಲ್ಪ ಹೊತ್ತು ತಾನೂ ಬಿಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅತ್ತೆ, ಅವತ್ತು ಫೋನ್ ಯಾವ ಕೈಲಿತ್ತು?"

"ಬಲಗೈಲಿ."

"ಎಡಗೈಲಿ?"

ಕಾಳು ಪಾತ್ರೆಗೆ ಬೀಳುವ ಸದ್ದು ನಿಂತುಹೋಯಿತು.

"ಕಾಣ್ತಿಲ್ವಾ ಅತ್ತೆ?"

ನನಗೆ ಅಳು ಬಂತು. ಎಂಟು ತಿಂಗಳ ಅಳು ಅದು, ಸೊಸೆಯ ಮುಂದೆ ಅತ್ತದ್ದು ಅದೇ ಮೊದಲು. "ಇದು ನಿಮ್ಮ ಮಾವನಿಗೆ ಗೊತ್ತಾಗ್ಬಾರ್ದು," ಅಂದೆ. ಅವಳು ಎದ್ದು ಹೋಗಿ ಆ ಬೆಂಕಿಪೊಟ್ಟಣವನ್ನು, ತನ್ನ ಹಳೇ ಫೋನನ್ನು, ತಂದಳು. ಬಹಳ ಹೊತ್ತು ಅದರಲ್ಲಿ ಏನೇನೋ ಸರಿಮಾಡಿ ನನ್ನ ಬಲಗೈಗೆ ಕೊಟ್ಟಳು. ಎಡ ಅಂಗೈ ಮೇಲೆ ಒಂದು ಅವರೆಕಾಳು ಇಟ್ಟಳು.

"ಇವಾಗ ಕೆಳಗಿನ ಗುಂಡೀನ ಮೂರು ಸಲ ಒತ್ತಿ. ಬೇಗ ಬೇಗ."

ಹೆಬ್ಬೆರಳು ಇದ್ದಲ್ಲೇ ಇತ್ತು, ಗುಂಡಿ ಅದರ ಕೆಳಗೇ ಇತ್ತು. ಒಂದು, ಎರಡು, ಮೂರು. ಗಾಜಿನ ತುಂಬ ಹಸಿರು. ಮೊದಲು ಅದು ಕೆರೆಯೋ ಹೊಲವೋ ತಿಳಿಯಲಿಲ್ಲ. ಡಾಕ್ಟರು ಕಲಿಸಿದಂತೆ ಗಾಜಿನ ಬಲ ಅಂಚಿನ ಕಡೆ ನೋಡಿದೆ. ಹಸಿರಿನ ನಡುವಿನಿಂದ ಕಾಳಿನ ಬಾಯಿಯ ಬಿಳಿ ಗೆರೆ ಎದ್ದು ಬಂತು. ಎಷ್ಟು ವರ್ಷ ಅವರೆಕಾಳು ಬೇಯಿಸಿದ್ದೇನೆ, ಆ ಗೆರೆ ಅಷ್ಟು ಸೊಗಸಾಗಿದೆಯೆಂದು ಗೊತ್ತೇ ಇರಲಿಲ್ಲ.

"ಇದಕ್ಕೇ ಅತ್ತೆ ನಾನು ಹೇಳಿದ್ದು, ಕೈಗೆ ಸಿಗಬೇಕು ಅಂತ," ಅಂದಳು ಸುಷ್ಮಾ. ಅವಳ ದನಿಯೂ ಒದ್ದೆಯಾಗಿತ್ತು.

ಮಾರನೇ ಬೆಳಗ್ಗೆ ಇವರು ಪೂಜೆ ಮುಗಿಸಿ ಏಳಲೇ ಇಲ್ಲ. ನನ್ನ ಮೇಲೆ ಕಾವಲು ಕೂತರೋ ಏನೋ. ಕಾದೆ, ಎಷ್ಟು ಕಾದರೂ ಏಳಲಿಲ್ಲ. ಆಗಲಿ ಎಂದುಕೊಂಡು ನೀರು ಹಾಕಿದೆ, ವಿಭೂತಿ ಹಚ್ಚಿದೆ, ಪತ್ರೆ ಏರಿಸಿ ತೆಗೆದೆ. ಸೊಂಟದಿಂದ ಸಣ್ಣ ಫೋನು ತೆಗೆದು ಲಿಂಗವಿದ್ದ ಅಂಗೈಯ ಮೇಲ್ಗಡೆ ಹಿಡಿದೆ. ಒಂದು, ಎರಡು, ಮೂರು.

"ಮತ್ತೆ ಶುರು ಮಾಡಿದ್ಯಾ?" ಅಂದರು.

"ನನಗೆ ಲಿಂಗ ಕಾಣ್ತಿಲ್ಲ ಕಣ್ರೀ," ಅಂದೆ. "ಎಂಟು ತಿಂಗಳಾಯ್ತು. ಒಳಗಣ್ಣು ಗಿಳಗಣ್ಣು ಅಂತ ಏನೂ ಹೇಳ್ಬೇಡಿ."

ಹೊರಗೆ ಹಾಲಿನವನ ಸೈಕಲ್ ಗಂಟೆ ಕೇಳಿಸಿ ದೂರವಾಯಿತು. ನನ್ನ ಎಡಗೈ ನಡುಗುತ್ತಿತ್ತು. ಗಾಜಿನಲ್ಲಿ ಕಪ್ಪು ಬಣ್ಣ ಅಲೆಯಂತೆ ಹೊಯ್ದಾಡುತ್ತಿತ್ತು, ಬೆಳಕು ಒಂದು ಕಡೆ ನಿಲ್ಲುತ್ತಿರಲಿಲ್ಲ. ಆಮೇಲೆ ನನ್ನ ಅಂಗೈಯ ಕೆಳಗೆ ಇನ್ನೊಂದು ಅಂಗೈ ಬಂತು. ಬೆಚ್ಚಗಿತ್ತು. ನನ್ನ ಕೈ ನಡುಗುವುದು ನಿಂತಿತು. ಇನ್ನೊಂದು ಕೈಯಲ್ಲಿ ಇವರು ದೀಪವನ್ನೆತ್ತಿ ಹತ್ತಿರ ಹಿಡಿದು ಬಗ್ಗಿದರು.

ನಾನು ಗಾಜಿನ ಅಂಚನ್ನು ನೋಡಿದೆ. ಕಪ್ಪು ನಿಧಾನವಾಗಿ ತಿಳಿಯಾಯಿತು. ಅದರ ಮೈಮೇಲೆ ಬೆಳಕು ಬಂದು ನಿಂತಿತು, ಸಾಸಿವೆ ಕಾಳಷ್ಟಲ್ಲ, ಮಲ್ಲಿಗೆ ಮೊಗ್ಗಿನಷ್ಟು. ಮೊಗ್ಗಿನ ಪಕ್ಕದಲ್ಲಿ ಇನ್ನೂ ಏನೋ ಇತ್ತು. ಉಸಿರು ಹಿಡಿದು ನೋಡಿದೆ. ಲಿಂಗದ ನುಣುಪಿನಲ್ಲಿ ದುಂಡಗೆ ಬಾಗಿದ ಒಂದು ಪುಟ್ಟ ಮುಖ. ಹಣೆಯ ಮೇಲೆ ಮೂರು ವಿಭೂತಿ ಪಟ್ಟೆ, ಉದ್ದ ಮೂಗು, ಒದ್ದೆಯಾಗಿ ಹೊಳೆಯುವ ಎರಡು ಕಣ್ಣು. ಎಂಟು ತಿಂಗಳಲ್ಲಿ ಇವರು ಇಷ್ಟು ಸೊರಗಿಬಿಟ್ಟಿದ್ದರು, ನನಗೆ ಗೊತ್ತೇ ಆಗಿರಲಿಲ್ಲ.

"ಕಾಣ್ತಾ ಪ್ರೇಮಾ?" ಅಂದರು.

"ಅಲ್ಲಾಡ್ಬೇಡಿ," ಅಂದೆ.